ಗುಜರಿ ಫ್ರೇಮಿಗೆ ಸೀಟ್ ಪಿಲ್ಲರ್ ಹೊಂದಿಸಿದ್ದು

ದಾವಣಗೆರೆಯ ಗುಜರಿ ಅಂಗಡಿಯೊಂದರಲ್ಲಿ ತೂಕಕ್ಕೆ ಹಾಕಿದ್ದ ಸೈಕಲ್ ಫ್ರೇಮ್ ಒಂದನ್ನು ತಂದಿದ್ದೆ. ಚಕ್ರ, ಹ್ಯಾಂಡಲ್, ಚೈನು ಎಲ್ಲಾ ಕೂರಿಸಿದ್ದಾಯಿತು. ಉಳಿದದ್ದು ಸೀಟ್ ಪಿಲ್ಲರ್ ಒಂದೇ, ಅಂದರೆ ಸೀಟನ್ನು ಹೊತ್ತು ಫ್ರೇಮಿನ ಪೈಪಿನೊಳಗೆ ಇಳಿಯುವ ಕೊಳವೆ. ಕೆರೆದಷ್ಟೂ ಒಳಗೊಂದು ಬಣ್ಣ, ಕಂಪನಿ ಹೆಸರು ಮಾತ್ರ ಎಲ್ಲೂ ಇಲ್ಲ. ಆದರೆ ಒಂದೇ ಕೈಯಲ್ಲಿ ಎತ್ತಬಹುದು. ಹಾಲಿನ ಕ್ಯಾನ್ ಹೊರುವ ಜಾತಿಯದ್ದಲ್ಲ ಅನ್ನುವುದಂತೂ ಖಾತ್ರಿ.

ಸೈಕಲ್ ಅಂಗಡಿಯವರು ಮಾಮೂಲಿ ಪಿಲ್ಲರ್ ಕೊಟ್ಟು, "ಎಲ್ಲಾದಕ್ಕೂ ಇದೇ ಅಣ್ಣ, ಬೋಲ್ಟ್ ಬಿಗಿ ಮಾಡಿದ್ರೆ ಕೂತ್ಕೊಳ್ಳುತ್ತೆ" ಅಂದರು. ನಮ್ಮ ದೊಡ್ಡ ಸೈಕಲ್‌ಗಳಿಗೆ ಸಾಮಾನ್ಯವಾಗಿ ಬರುವುದು ಒಂದಿಂಚಿನದ್ದು, ಅಂದರೆ 25.4 ಮಿ.ಮೀ. ಇದರಲ್ಲಿ ಹಾಕಿದರೆ ಗಡಗಡ ಅಲ್ಲಾಡುತ್ತದೆ. ಬೋಲ್ಟ್ ತಿರುಗಿಸುತ್ತಾ ಹೋದರೆ ಪೈಪಿನ ಬಾಯಲ್ಲಿರುವ ಸೀಳಿನ ಎರಡೂ ಕಿವಿ (ಬೋಲ್ಟ್ ಹಾಯುವ ತುಂಡುಗಳು) ಒಂದಕ್ಕೊಂದು ತಾಗುತ್ತವೆ, ಪಿಲ್ಲರ್ ಮಾತ್ರ ಕೆಳಗೆ ಜಾರುತ್ತದೆ. ಹಿಡಿತ ಬಾಯಿಯ ಅಂಚಿನಲ್ಲಷ್ಟೇ ಇರುವುದರಿಂದ ಭಾರವೆಲ್ಲಾ ಅಲ್ಲೇ ಬಿದ್ದು ಫ್ರೇಮ್ ಬಿರುಕು ಬಿಡುವುದೂ ಉಂಟು.

ಇಂಥ ಹಳೇ ಸ್ಟೀಲ್ ಫ್ರೇಮ್‌ಗಳ ಸೀಟ್ ಪೈಪ್ ಹೊರಗಿನ ಅಳತೆ ಹೆಚ್ಚಾಗಿ 28.6. ಒಳಗಿನ ಅಳತೆ ಪೈಪಿನ ದಪ್ಪದ ಮೇಲೆ ನಿಂತಿದೆ. ತೆಳು ಪೈಪಿನ ಒಳ್ಳೆ ಫ್ರೇಮ್‌ಗೆ 27.2 ಪಿಲ್ಲರ್ ಹೋಗುತ್ತದೆ. ಪೈಪ್ ದಪ್ಪವಾದಂತೆ 27, 26.8, 26.6 ಹೀಗೆ 0.2 ಇಳಿಯುತ್ತಾ ಬರುತ್ತದೆ. ಕಣ್ಣಿಗೆ ಎಲ್ಲಾ ಒಂದೇ!

ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ದವಡೆ ಸ್ಕೇಲು) ಇಟ್ಟು ನೋಡಿದೆ. ಹಿಂದೆ ಮುಂದೆ ಒಂದು ಲೆಕ್ಕ, ಎಡ ಬಲ ಇನ್ನೊಂದು. ಯಾರೋ ವರ್ಷಗಟ್ಟಲೆ ಬಿಗಿದು ಬಿಗಿದು ಬಾಯಿ ಮೊಟ್ಟೆಯಾಕಾರ ಆಗಿತ್ತು. ವರ್ನಿಯರಿನ ಒಳ ದವಡೆ ಆ ಸೀಳು ದಾಟಿ ಕೆಳಗೆ ಹೋಗುವುದಿಲ್ಲ. ನಿಜವಾದ ಅಳತೆ ಇರುವುದೇ ಅಲ್ಲಿ.

ಲೇತ್ ಅಂಗಡಿ ಇಟ್ಟಿರುವ ನನ್ನ ಷಡ್ಡಕನ ಹತ್ತಿರ ಒಯ್ದೆ. "ಅಷ್ಟಕ್ಕೆ ಯಾಕ್ ತಲೆ ಕೆಡಿಸ್ಕೊಂತೀರಣ್ಣ" ಅಂದವನೇ ಒಂದು ಕಬ್ಬಿಣದ ರಾಡ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಳತೆ ಕಡೆದುಕೊಟ್ಟ: ತುದಿಗೆ 26.2, ಆಮೇಲೆ 26.4, 26.6, 26.8, 27. ಒಂದೊಂದೂ ಎರಡಿಂಚು ಉದ್ದ. ಕಿವಿಗಳನ್ನು ಹುಷಾರಾಗಿ ಬಿಡಿಸಿ ರಾಡ್ ಇಳಿಸಿದೆವು. 26.6ಕ್ಕೇ ನಿಂತಿತು. ಆದರೆ ಒಳಗೆ ತುಕ್ಕು ಇತ್ತಲ್ಲ! ಕೋಲಿಗೆ ಎಮರಿ ಪೇಪರ್ ಸುತ್ತಿ, ಸೀಮೆಎಣ್ಣೆ ಬಿಟ್ಟು ಉಜ್ಜಿದ ಮೇಲೆ 26.8 ಕೈಯಲ್ಲೇ ಸಲೀಸಾಗಿ ಇಳಿಯಿತು, 27 ಒಪ್ಪಲಿಲ್ಲ. ತುಕ್ಕು ತೆಗೆಯದೆ ಅಳೆದು ಏನೂ ಕೊಳ್ಳಬೇಡಿ.

ತಂಪು ಪಾನೀಯದ ಕ್ಯಾನ್ ಕತ್ತರಿಸಿ ಸುತ್ತಬಹುದಲ್ವಾ ಅಂತ ಕೇಳುವವರಿದ್ದಾರೆ. ಆ ತಗಡು ಸುಮಾರು 0.1 ದಪ್ಪ. ಒಂದು ಸುತ್ತಿಗೆ ಎರಡೂ ಬದಿ ಸೇರಿ 0.2 ತುಂಬುತ್ತದೆ, ಅಷ್ಟಕ್ಕೆ ಸರಿ. ನನ್ನ 25.4ಕ್ಕೆ ಏಳು ಸುತ್ತು ಬೇಕು. ಅದು ರಿಪೇರಿಯಲ್ಲ, ತಮಾಷೆ.

ಕೊನೆಗೆ ಸಿಕ್ಕಿದ್ದು 27.2ರ ನೇರ ಅಲ್ಯೂಮಿನಿಯಂ ಪಿಲ್ಲರ್. ಗೋಡೆ ದಪ್ಪಗಿತ್ತು. ಷಡ್ಡಕ ಅದನ್ನೇ ಲೇತ್‌ಗೆ ಹಾಕಿ 26.8ಕ್ಕೆ ಇಳಿಸಿದ. ಕಡೆದ ಭಾಗ ಮುಗಿಯುವಲ್ಲಿ ಮೂಲೆ ಚೂಪಾಗಿ ಬಿಡದೆ ಇಳಿಜಾರು ಮಾಡಿದ. ಚೂಪು ಬಿಟ್ಟರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಮೇಲ್ತುದಿ 22.2 ಇದ್ದದ್ದರಿಂದ ನನ್ನ ಹಳೇ ಸೀಟಿನ ಕ್ಲಿಪ್ ಹಾಗೇ ಕೂತಿತು.

ಗ್ರೀಸ್ ಮಾತ್ರ ಧಾರಾಳವಾಗಿ ಬಳಿದೆ. ಸ್ಟೀಲ್ ಒಳಗೆ ಅಲ್ಯೂಮಿನಿಯಂ ಒಣಗಿಯೇ ಇದ್ದರೆ ಎರಡು ಮಳೆಗಾಲದಲ್ಲಿ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಗರಗಸವೇ ಗತಿ.

ಷಡ್ಡಕ ದುಡ್ಡು ಮುಟ್ಟಲಿಲ್ಲ. ಆ ಮೆಟ್ಟಿಲು ರಾಡ್ ಅವನ ಅಂಗಡಿಯಲ್ಲೇ ನೇತಾಡುತ್ತಿದೆ. 27.2ಕ್ಕೂ ಒಂದು ರಾಡ್ ಮಾಡಿಡು ಅಂದಿದ್ದೇನೆ. ಗುಜರಿಯಲ್ಲಿ ಇನ್ನೊಂದು ಫ್ರೇಮ್ ನೋಡಿಟ್ಟಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.