ಸಿಂಗಲ್‌ಟನ್ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಡಿಬಿಕಾಂಟೆಕ್ಸ್ಟ್

ಡಿಪೆಂಡೆನ್ಸಿ ಇಂಜೆಕ್ಷನ್ ಹೆಸರಷ್ಟೇ ಭಾರ. ಕ್ಲಾಸ್ ತನಗೆ ಬೇಕಾದದ್ದನ್ನು ತಾನೇ ಸೃಷ್ಟಿಸಿಕೊಳ್ಳದೆ ಕನ್‌ಸ್ಟ್ರಕ್ಟರ್‌ನಲ್ಲಿ ಕೇಳಿ ಪಡೆಯುತ್ತದೆ, ಅಷ್ಟೆ. ಹತ್ತು ಕ್ಲಾಸ್‌ಗಳಿದ್ದರೆ ಆಬ್ಜೆಕ್ಟ್‌ಗಳನ್ನು ಸೃಷ್ಟಿಸಿ ಜೋಡಿಸಿಕೊಡುವ ಕಂಟೇನರ್ ಕೂಡ ಬೇಡ. ಮುನ್ನೂರಾದಾಗ ಕಾಡುವ ಪ್ರಶ್ನೆಯೇ ಬೇರೆ: ಯಾವ ಆಬ್ಜೆಕ್ಟ್ ಎಷ್ಟು ಹೊತ್ತು ಬದುಕಿರಬೇಕು?

ಮೈಕ್ರೋಸಾಫ್ಟ್‌ನ ವೆಬ್ ಫ್ರೇಮ್‌ವರ್ಕ್ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಮೂರು ಬಗೆಯ ಆಯಸ್ಸು. ಸಿಂಗಲ್‌ಟನ್ ಆ್ಯಪ್ ನಿಲ್ಲುವವರೆಗೂ ಒಂದೇ. ಸ್ಕೋಪ್ಡ್ ಪ್ರತಿ ರಿಕ್ವೆಸ್ಟ್‌ಗೆ ಒಂದು. ಟ್ರಾನ್ಸಿಯೆಂಟ್ ಕೇಳಿದಾಗಲೆಲ್ಲ ಹೊಸದು. ಆಡ್‌ಡಿಬಿಕಾಂಟೆಕ್ಸ್ಟ್ ಕರೆದರೆ, ಡೇಟಾಬೇಸ್ ಜೊತೆ ಮಾತಾಡುವ ಆಬ್ಜೆಕ್ಟಾದ ಡಿಬಿಕಾಂಟೆಕ್ಸ್ಟ್ ಸ್ಕೋಪ್ಡ್ ಆಗಿ ಸೇರುತ್ತದೆ. ಈಗ ಬೆಲೆಪಟ್ಟಿಯ ಕ್ಯಾಶ್ ಒಂದನ್ನು ಸಿಂಗಲ್‌ಟನ್ ಮಾಡಿದ್ದೀರಿ ಅನ್ನಿ. ಅದು ಡೇಟಾ ತಂದುಕೊಡುವ ರೆಪಾಸಿಟರಿಯನ್ನು ಕೇಳುತ್ತದೆ, ರೆಪಾಸಿಟರಿ ಡಿಬಿಕಾಂಟೆಕ್ಸ್ಟನ್ನು ಕೇಳುತ್ತದೆ. ರೆಪಾಸಿಟರಿಯನ್ನು ಟ್ರಾನ್ಸಿಯೆಂಟ್ ಎಂದು ಬರೆದಿದ್ದರೂ ಸಿಂಗಲ್‌ಟನ್ ಅದನ್ನು ಹಿಡಿದಿಟ್ಟುಕೊಂಡಿರುವುದರಿಂದ ಇಡೀ ಸರಪಳಿ ಆ್ಯಪ್ ಮುಗಿಯುವವರೆಗೆ ಸಾಯುವುದಿಲ್ಲ.

ಡಿಬಿಕಾಂಟೆಕ್ಸ್ಟ್ ಒಂದೇ ಹೊತ್ತಿಗೆ ಎರಡು ಥ್ರೆಡ್‌ಗಳಿಗೆ ಆಗಿಬರುವುದಿಲ್ಲ. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ, ಮೊದಲಿನ ಕೆಲಸ ಮುಗಿಯುವ ಮುಂಚೆ ಎರಡನೆಯದು ಶುರುವಾಯಿತು ಎಂಬ ಎಕ್ಸೆಪ್ಶನ್. ಇದು ಅದೃಷ್ಟ ಚೆನ್ನಾಗಿದ್ದಾಗಿನ ಮಾತು, ತಪ್ಪು ಕಣ್ಣಿಗೆ ಬೀಳುತ್ತದೆ. ಲೋಡ್ ಕಡಿಮೆಯಿದ್ದರೆ ಎರರ್ ಕೂಡ ಬರುವುದಿಲ್ಲ. ಡಿಬಿಕಾಂಟೆಕ್ಸ್ಟ್ ಒಳಗೆ ಬದಲಾವಣೆಗಳನ್ನು ಗಮನಿಸುವ ಚೇಂಜ್ ಟ್ರ್ಯಾಕರ್, ಓದಿದ ಸಾಲುಗಳನ್ನೆಲ್ಲ ಇಟ್ಟುಕೊಂಡು ಮೆಮರಿ ಉಬ್ಬಿಸುತ್ತದೆ. ಒಮ್ಮೆ ಟ್ರ್ಯಾಕ್ ಆದ ಸಾಲನ್ನು ಮತ್ತೆ ಕ್ವೆರಿ ಮಾಡಿದರೂ ಹಳೆಯ ಬೆಲೆಯೇ ಕೈಗೆ ಬರುತ್ತದೆ.

ಇದನ್ನು ಹಿಡಿಯಲೆಂದೇ ವ್ಯಾಲಿಡೇಟ್‌ಸ್ಕೋಪ್ಸ್, ವ್ಯಾಲಿಡೇಟ್‌ಆನ್‌ಬಿಲ್ಡ್ ಎಂಬ ಎರಡು ಆಯ್ಕೆಗಳಿವೆ: ಮೊದಲನೆಯದು ಸಿಂಗಲ್‌ಟನ್ ಸ್ಕೋಪ್ಡನ್ನು ಹಿಡಿದಿಟ್ಟುಕೊಳ್ಳದಂತೆ ನೋಡುತ್ತದೆ, ಎರಡನೆಯದು ಆ್ಯಪ್ ಶುರುವಾಗಿ ಕಂಟೇನರ್ ಕಟ್ಟುವಾಗಲೇ ತಪಾಸಣೆ ಮಾಡುತ್ತದೆ. ಆದರೆ ಎನ್ವಿರಾನ್ಮೆಂಟ್ ಹೆಸರು ಡೆವಲಪ್‌ಮೆಂಟ್ ಎಂದಿದ್ದರೆ ಮಾತ್ರ ಅವು ತಾವಾಗಿ ಆನ್. ತಂಡದವರು ಅದನ್ನು ಲೋಕಲ್ ಅಂತಲೋ ಕ್ಯೂಎ ಅಂತಲೋ ಬದಲಿಸಿದ್ದರೆ ಕಾವಲುಗಾರ ಸದ್ದಿಲ್ಲದೆ ಮನೆಗೆ ಹೋಗಿರುತ್ತಾನೆ. ಯೂಸ್‌ಡಿಫಾಲ್ಟ್‌ಸರ್ವಿಸ್‌ಪ್ರೊವೈಡರ್‌ನಲ್ಲಿ ಎರಡನ್ನೂ ಕೈಯಾರೆ ಆನ್ ಮಾಡಿ. ಆಗಲೂ ಬಿಲ್ಡ್ ಹಂತದ ತಪಾಸಣೆಗೆ ಓಪನ್ ಜೆನೆರಿಕ್‌ಗಳು (ಟೈಪ್ ಇನ್ನೂ ತುಂಬದವು), ಆಬ್ಜೆಕ್ಟನ್ನು ನಾವೇ ಸೃಷ್ಟಿಸಿಕೊಡುವ ಫ್ಯಾಕ್ಟರಿ ಲ್ಯಾಂಬ್ಡಾದ ಒಳಗಿನದು ಕಾಣುವುದಿಲ್ಲ. ಕಂಟ್ರೋಲರ್‌ಗಳೂ ಅಷ್ಟೆ, ಅವನ್ನೂ ಕಂಟೇನರ್‌ಗೆ ಸೇರಿಸುವ ಆಡ್‌ಕಂಟ್ರೋಲರ್ಸ್‌ಆ್ಯಸ್‌ಸರ್ವಿಸಸ್ ಹಾಕದ ಹೊರತು.

ಪರಿಹಾರ: ಸಿಂಗಲ್‌ಟನ್‌ಗೆ ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿ ಕೊಟ್ಟು, ಬೇಕಾದಾಗ ಸ್ಕೋಪ್ ತೆರೆದು, ಕೆಲಸ ಮುಗಿದೊಡನೆ ಮುಚ್ಚಿ. ಬ್ಯಾಕ್‌ಗ್ರೌಂಡ್‌ಸರ್ವಿಸ್ ಕೂಡ ಸಿಂಗಲ್‌ಟನ್ನೇ. ಅಲ್ಲಿ ಸ್ಕೋಪನ್ನು ವೈಲ್ ಲೂಪಿನ ಒಳಗೆ ತೆರೆಯಬೇಕು. ಹೊರಗೆ ತೆರೆದರೆ ಹಳೆಯ ರೋಗವೇ.

ಯಾವ ಇಂಟರ್‌ಫೇಸ್‌ಗೆ ಯಾವ ಕ್ಲಾಸ್ ಎಂದು ಕಂಟೇನರ್‌ಗೆ ಹೇಳುವ ರಿಜಿಸ್ಟ್ರೇಶನ್ ಎಲ್ಲಿ ಬರೆಯಬೇಕು? ಬಿಲ್ಲಿಂಗ್, ದಾಸ್ತಾನು ಹೀಗೆ ಪ್ರತಿ ಮಾಡ್ಯೂಲ್‌ಗೆ ಒಂದು ಎಕ್ಸ್‌ಟೆನ್ಶನ್ ಮೆಥಡ್. ಪ್ರೋಗ್ರಾಂ ಫೈಲಿನಲ್ಲಿ ಅವುಗಳ ಹೆಸರಷ್ಟೇ. ಒಂದೇ ಇಂಟರ್‌ಫೇಸ್‌ಗೆ ಎರಡು ಕಡೆ ರಿಜಿಸ್ಟರ್ ಮಾಡಿದರೆ ಕೊನೆಯದೇ ಗೆಲ್ಲುತ್ತದೆ, ಎಚ್ಚರಿಕೆಯೇನೂ ಬರುವುದಿಲ್ಲ. ಮಾಡ್ಯೂಲ್‌ನ ಡಿಫಾಲ್ಟ್‌ಗಳಿಗೆ ಟ್ರೈಆಡ್ ಬಳಸಿದರೆ ಮೊದಲೇ ಇದ್ದದ್ದು ಉಳಿಯುತ್ತದೆ.

ರಿಜಿಸ್ಟರ್ ಆದದ್ದೇನು ಕೇಳಿದರೂ ಕೊಡುವ ಐಸರ್ವಿಸ್‌ಪ್ರೊವೈಡರನ್ನೇ ಎಲ್ಲ ಕ್ಲಾಸ್‌ಗಳಿಗೂ ಹಂಚುವ ಚಟ ನನ್ನ ಪ್ರಕಾರ ಕೆಟ್ಟದ್ದು: ಕ್ಲಾಸ್‌ಗೆ ನಿಜಕ್ಕೂ ಏನು ಬೇಕೆಂದು ಕನ್‌ಸ್ಟ್ರಕ್ಟರ್ ನೋಡಿ ಹೇಳಲಾಗುವುದಿಲ್ಲ. ಎಂಟು ಪ್ಯಾರಾಮೀಟರ್ ಬೇಡುವ ಕನ್‌ಸ್ಟ್ರಕ್ಟರ್ ಕಣ್ಣಿಗೆ ಹಿಂಸೆ, ನಿಜ. ಆದರೆ ಕ್ಲಾಸನ್ನು ಒಡೆಯಬೇಕೆಂದು ಅದೇ ಹೇಳುತ್ತಿದೆ. ಎರಡು ಸರ್ವಿಸ್‌ಗಳು ಒಂದನ್ನೊಂದು ಬೇಡಿದಾಗಲೂ ಸೃಷ್ಟಿಯನ್ನು ಮುಂದೂಡುವ ಲೇಜಿಯ ತೇಪೆ ಹಾಕಬೇಡಿ. ಇಬ್ಬರಿಗೂ ಬೇಕಾದ ಭಾಗವನ್ನು ಮೂರನೆಯ ಕ್ಲಾಸಿಗೆ ಎತ್ತಿಡಿ.