ಮಾರುತಿಯ ಬಾಲದಲ್ಲಿ ಮೂರು ಸಾಲು

ನಮ್ಮ ದೇವರ ಮನೆಯಲ್ಲಿ ಒಂದು ಆಂಜನೇಯನ ಪಟ ಇದೆ. ಬಾಗಿಲಲ್ಲಿ ನಿಂತು ನೋಡಿದರೆ ಪೆನ್ನಿನಲ್ಲಿ ಬಿಡಿಸಿದ ಚಿತ್ರ ಅನಿಸುತ್ತದೆ. ಹತ್ತಿರ ಹೋದರೆ ಒಂದು ಗೆರೆಯೂ ಇಲ್ಲ. ಗದೆ, ಕಿರೀಟ, ಬಾಲ ಎಲ್ಲವೂ ರಾಮ ರಾಮ ರಾಮ. ಒಂದೊಂದು ಅಕ್ಷರ ಸಾಸಿವೆ ಕಾಳಿನಷ್ಟು. ಹನುಮನ ರೋಮ ರೋಮದಲ್ಲೂ ರಾಮನಾಮ ಅಂತಾರಲ್ವಾ, ಅದನ್ನೇ ಅಜ್ಜಿ ಹಾಳೆಯ ಮೇಲೆ ಇಳಿಸಿದ್ದಳು.

ಅಜ್ಜಿ ರಾಮಕೋಟಿ ಬರೆಯುತ್ತಿದ್ದವಳು. ದಿನಕ್ಕೆ 1,000 ಬರೆದರೂ ಕೋಟಿ ಮುಗಿಯಲು 27 ವರ್ಷ ದಾಟುತ್ತದೆ. ತುಂಬಿದ ಪುಸ್ತಕಗಳನ್ನು ಭದ್ರಾಚಲಕ್ಕೆ ಹೊರಟವರ ಕೈಲಿ ರಾಮನ ಸನ್ನಿಧಿಗೆ ಕಳಿಸುತ್ತಿದ್ದಳು. ಈ ಪಟ ಮಾತ್ರ ಬೇರೆ ಹರಕೆ. ಯುಗಾದಿಗೆ ಶುರು ಮಾಡಿ ರಾಮನವಮಿಯೊಳಗೆ ಮುಗಿಸಬೇಕು.

ಮೊದಲು ಪೆನ್ಸಿಲ್‌ನಲ್ಲಿ ತೆಳುವಾಗಿ ಆಕಾರ. ನೆರಳು ಬೇಕಾದ ಕಡೆ ಅಕ್ಷರ ಒತ್ತೊತ್ತಾಗಿ, ಬೆಳಕು ಬೇಕಾದ ಕಡೆ ಬಿಡಿಬಿಡಿಯಾಗಿ. ಬಾಲ ಸುತ್ತು ಹಾಕುವಲ್ಲಿ ಹಾಳೆಯನ್ನೇ ತಿರುಗಿಸುತ್ತಾ ಹೋಗಬೇಕು. ಜೆಲ್ ಪೆನ್ ಬೇಡ, ಶಾಯಿ ಹರಡಿ 'ರಾ'ದ ಹೊಟ್ಟೆ ಮುಚ್ಚಿಹೋಗುತ್ತದೆ. 'ಶ್ರೀ' ಬರೆದರೆ ಅದರ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಹಾಗಾಗಿ ಹಣೆಯ ತಿಲಕದಲ್ಲಿ ಮಾತ್ರ ಒಂದೇ ಒಂದು 'ಶ್ರೀ'. ಎಲ್ಲ ಮುಗಿದ ಮೇಲೆ ಪೆನ್ಸಿಲ್ ಗೆರೆಯನ್ನು ರಬ್ಬರಿನಲ್ಲಿ ಅಳಿಸುವುದು.

ನನಗೆ ಹನ್ನೊಂದು ವರ್ಷವಿದ್ದಾಗ ಬಾಲದ ಕೆಲಸ ನನ್ನ ಪಾಲಿಗೆ ಬಂತು. ಬರೆಯುವಾಗ ಬಾಯಲ್ಲೂ ಹೇಳಬೇಕು ಅಂದಿದ್ದಳು. ನಾನು ಹೇಳಲಿಲ್ಲ. ಕಿವಿಯೆಲ್ಲ ಬೀದಿಯಲ್ಲಿ ಆಡುತ್ತಿದ್ದವರ ಕಡೆ. ಸಂಜೆ ಅಜ್ಜಿ ಭೂತಗನ್ನಡಿ ಹಿಡಿದು ನೋಡಿದಳು.

"ಇದರಲ್ಲಿ ರಾಮ ಎಲ್ಲಿದಾನೆ ಪುಟ್ಟಾ?"

ಅವಸರದಲ್ಲಿ 'ಮ'ದ ಕೊನೆಯ ಕೊಂಡಿ ಬಿಟ್ಟಿದ್ದೆ. ಅದಿಲ್ಲದಿದ್ದರೆ ಅದು 'ಮ' ಅಲ್ಲ, 'ವ'. ಮೂರು ಸಾಲು ತುಂಬಾ ರಾವ ರಾವ ರಾವ. ಇನ್ನೊಂದು ಅಕ್ಷರ ಸೇರಿದರೆ ಲಂಕೆಯವನೇ.

"ಇಷ್ಟು ಸಣ್ಣದು ಯಾರಿಗೆ ಕಾಣುತ್ತೆ ಅಜ್ಜಿ?"

"ಯಾರಿಗೆ ಅಂತ ಬರೀತಿದೀಯ?"

ಬೈಯಲಿಲ್ಲ, ಹಾಳೆ ಹರಿಯಲಿಲ್ಲ. ಒಂದೊಂದಕ್ಕೂ ಕೊಂಡಿ ಹಾಕು, ಹಾಕುವಾಗ ಹೆಸರು ಹೇಳು ಅಂದಳು. ದೀಪ ಹಚ್ಚುವ ಹೊತ್ತು ದಾಟಿತು. ಕತ್ತು ನೋಯುತ್ತಿತ್ತು. ಎರಡನೇ ಸಾಲಿನ ನಡುವೆ ಎಲ್ಲೋ ಬೀದಿಯ ಸದ್ದು ಕೇಳುವುದೇ ನಿಂತುಹೋಯಿತು. ಅದಕ್ಕೆ ಮೊದಲು ಎಷ್ಟೋ ಸಲ ರಾಮ ರಾಮ ಅಂದಿದ್ದೆ. ಆದರೂ ನನ್ನ ಮೊದಲ ಜಪ ಆ ಸಂಜೆಯದೇ ಅಂತ ನಂಬಿದ್ದೇನೆ.

ವೀಳ್ಯದೆಲೆಯ ಮೇಲೆ ಗಂಧದಲ್ಲಿ ರಾಮನಾಮ ಬರೆದು ಹನುಮನಿಗೆ ಹಾರ ಹಾಕುವವರೂ ಇದ್ದಾರೆ. ಮರುದಿನಕ್ಕೆ ಎಲೆ ಬಾಡುತ್ತದೆ, ಗಂಧ ಉದುರುತ್ತದೆ. ಅದೂ ಯಾರೋ ಓದಲಿ ಅಂತ ಬರೆದದ್ದಲ್ಲ.

ಅಜ್ಜಿ ಈಗಿಲ್ಲ. ರಾಮನವಮಿಯ ಬೆಳಿಗ್ಗೆ ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿ, ಪಾನಕಕ್ಕೆ ಬೆಲ್ಲ ಕರಗಲು ಬಿಟ್ಟು, ಪಟ ಒರೆಸಲು ಕೂರುತ್ತೇನೆ. ಬಾಲದಲ್ಲಿ ಆ ಮೂರು ಸಾಲು ಈಗಲೂ ಗುರುತು ಸಿಗುತ್ತವೆ. ಕೊಂಡಿಗಳ ಶಾಯಿ ಸ್ವಲ್ಪ ಗಾಢ. ಗಾಜಿನ ಮೇಲೆ ಬೆರಳಿಟ್ಟು ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಬರುತ್ತೇನೆ. ಆಮೇಲೆ ನೈವೇದ್ಯ.