ಕುದಿಸದೇ ಹಿಂಡಿದ ಸೊಪ್ಪು

ಗಂಟಲು ನೋವು ಅಂತ ಬೆಳಿಗ್ಗೆ ಕಷಾಯಕ್ಕೆ ಇಟ್ಟು, ಎರಡು ಲೋಟ ನೀರು ಒಂದಕ್ಕೆ ಇಳಿಯಲಿ ಅಂತ ಒಲೆ ಮುಂದೆ ಸುಮ್ನೆ ನಿಂತಿದ್ದಾಗ ಚೀನಾದ ವಿಜ್ಞಾನಿ ತು ಯೂಯೂ ನೆನಪಾದರು. ಹಳೇ ಮದ್ದೆಲ್ಲ ನಿಜ ಅನ್ನೋದಕ್ಕೆ ಸಾಕ್ಷಿ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಇವರದು. ಮಲೇರಿಯಾಕ್ಕೆ ಮದ್ದು ಹುಡುಕಲು 1967ರಲ್ಲಿ ಅಲ್ಲಿನ ಸರ್ಕಾರ ಗುಟ್ಟಾಗಿ ಶುರು ಮಾಡಿದ ಯೋಜನೆಗೆ ಇವರು 1969ರಲ್ಲಿ ಸೇರಿದರು. ಚಿಂಗ್‌ಹಾವ್ ಅನ್ನೋ ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಇಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ನಾಲ್ಕನೇ ಶತಮಾನದ ಗೆ ಹಾಂಗ್ ಅನ್ನೋ ವೈದ್ಯ ಬರೆದಿಟ್ಟ ಒಂದು ಸಾಲು. ಒಂದು ಹಿಡಿ ಸೊಪ್ಪು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು. ಕುದಿಸಿ ಅಂತ ಇಲ್ಲವೇ ಇಲ್ಲ! ಬಿಸಿಗೇ ಮದ್ದು ಕೆಡುತ್ತಿರಬಹುದು ಅಂತ ಹೊಳೆದು, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಅನ್ನೋ ದ್ರಾವಕದಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಸ್ಯಾಂಪಲ್ ಇಲಿಗಳ ಮಲೇರಿಯಾವನ್ನು ಪೂರ್ತಿ ತಡೆಯಿತು. ರೋಗಿಗಳಿಗೆ ಕೊಡುವ ಮೊದಲು ತಾವೇ ಕುಡಿದು ನೋಡಿದರು. ಆರ್ಟೆಮಿಸಿನಿನ್ ಅನ್ನೋ ಮಲೇರಿಯಾ ಮದ್ದು ಬಂದದ್ದು ಹೀಗೆ, 2015ರಲ್ಲಿ ನೊಬೆಲ್ ಕೂಡ.

ಆದರೆ ಅದಕ್ಕೂ ಮುಂಚೆ ನೂರಾರು ಗಿಡಮೂಲಿಕೆ ಪರೀಕ್ಷೆ ಮಾಡಿ ಕೈಬಿಟ್ಟಿದ್ದರು. ಅವೂ ಹಳೇ ಮದ್ದುಗಳೇ ಅಲ್ವಾ? ಆ ಭಾಗ ಮಾತ್ರ ವಾಟ್ಸಾಪ್‌ನಲ್ಲಿ ಯಾರೂ ಫಾರ್ವರ್ಡ್ ಮಾಡಲ್ಲ.

ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ನನ್ನ ಕಷಾಯ ತಳ ಹಿಡಿದಿತ್ತು.